ಪರಕಾಯ ಪ್ರವೇಶ

ಶಂಕರಾಚಾರ್ಯರು ಅಮರುಕ ರಾಜನ ಶರೀರವನ್ನು ಹೊಕ್ಕ ಕಥೆಯನ್ನು ಕೇಳದವರು ವಿರಳ. ಪರಕಾಯ ಪ್ರವೇಶವು ಯೋಗಿಗಳಿಗೆ ಮಾತ್ರ ಸಾಧ್ಯವೆಂದು ಹಿರಿಯರು ನಂಬಿದ್ದರು. ಈಗ ಅದು ಗ್ಯಾರೇಜಿನ ಹುಡುಗರಿಗೂ ಕೈವಶವಾಗಿದೆ. ಗುಜರಿಗೆ ಬಿದ್ದ ಮೋಟಾರ್ ಸೈಕಲ್ಲಿನ ಇಂಜಿನ್, ಬೆಸುಗೆ ಹಾಕಿದ ನಾಲ್ಕಾರು ಕಬ್ಬಿಣದ ಕೊಳವೆ, ನಾಲ್ಕು ಪುಟ್ಟ ಗಾಲಿ, ಹಳೆಯದೊಂದು ಕುರ್ಚಿ: ಇಷ್ಟು ಕೂಡಿದರೆ ಸತ್ತ ಗಾಡಿಯ ಜೀವ ಹೊಸ ಒಡಲನ್ನು ಸೇರಿ ಗುಡುಗುತ್ತ ಹೊರಡುತ್ತದೆ. ಮಾಲೂರಿನಂಥ ಊರಿನಲ್ಲಿ ಇಂಥದೊಂದು ಬೀದಿಗೆ ಬಂದರೆ ನೋಡುವವರು ಎರಡು ಪಂಗಡವಾಗುತ್ತಾರೆ. “ಭಲೆ, ಬುದ್ಧಿವಂತ!” ಎನ್ನುವವರು ಕೆಲವರು, “ಯಾರನ್ನು ಕೊಲ್ಲುವುದಕ್ಕೆ ಹೊರಟಿದ್ದೀಯೋ?” ಎನ್ನುವವರು ಕೆಲವರು. ಇಬ್ಬರ ಮಾತಿನಲ್ಲೂ ಸತ್ಯವುಂಟು, ಕಷ್ಟವಿರುವುದೇ ಅಲ್ಲಿ.

ಮೊದಲು ಮೆಚ್ಚುವವರ ಮಾತನ್ನು ಕೇಳೋಣ. 1956ರಲ್ಲಿ ಕ್ಯಾಲಿಫೋರ್ನಿಯದ ಆರ್ಟ್ ಇಂಗೆಲ್ಸ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರದ ಇಂಜಿನನ್ನು ಕೊಳವೆಯ ಚೌಕಟ್ಟಿಗೆ ಜೋಡಿಸಿದ. ಇಂದಿನ ಕಾರ್ಟ್ ಪಂದ್ಯಗಳೆಲ್ಲ ಆ ಆಟಿಕೆಯ ಸಂತಾನ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನಸುಖಭಾಯಿ ಜಗಾನಿಯವರು 1990ರ ದಶಕದಲ್ಲಿ, ಎತ್ತು ಸಾಕಲಾರದ ರೈತರ ಕಷ್ಟವನ್ನು ಕಂಡು, ಬುಲೆಟ್ ಮೋಟಾರ್ ಸೈಕಲ್ಲಿನ ಹಿಂಗಾಲಿಯನ್ನು ತೆಗೆದು ಉಳುವ ಸಲಕರಣೆಯನ್ನು ಕೂಡಿಸಿದರು. ಒಬ್ಬನದು ಆಟ, ಇನ್ನೊಬ್ಬರದು ಅನ್ನ. ಎರಡರ ಮೂಲವೂ ಒಂದೇ: ವಸ್ತುವನ್ನು ಮಾರಿದವನು ಹೇಳಿದಂತೆಯೇ ಅದನ್ನು ಬಳಸಬೇಕಾಗಿಲ್ಲವೆಂಬ ಧೈರ್ಯ. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಿಂದ ಹೋಂಡಾ ಕಾರ್ಖಾನೆ ಬೈಕು ಸ್ಕೂಟರುಗಳನ್ನು ಮಾಡಿ ಕಳಿಸುತ್ತಿದೆ. ಅವನ್ನು ಕೊಳ್ಳುವ ನಮಗೆ ಒಳಗೇನಿದೆಯೆಂಬುದು ಬೇಕಾಗಿಲ್ಲ. ಬಿಚ್ಚಿ ನೋಡಿದ ಹುಡುಗನಿಗೆ ಬೇಕಾಗಿದೆ. ಅವನ ಕೈಗೆ ಹತ್ತಿದ ಮಸಿ ಒಂದು ಬಗೆಯ ವಿದ್ಯೆಯೇ ಸರಿ.

ಆದರೆ ಇಂಜಿನಿಗೆ ತಾನು ಒಡಲು ಬದಲಿಸಿದ್ದು ತಿಳಿಯದು. ಎದುರುಗಾಳಿಗೆ ಮೈಯೊಡ್ಡಿ ತಂಪಾಗುತ್ತಿದ್ದದ್ದು ಕುರ್ಚಿಯ ಹಿಂದೆ ಅವಿತಾಗ ಕುದಿಯತೊಡಗುತ್ತದೆ. ತಿರುವಿನಲ್ಲಿ ಬೈಕು ವಾಲುತ್ತದೆ, ನಾಲ್ಕು ಗಾಲಿಯ ಗಾಡಿ ವಾಲದು. ಹೊರಮಗ್ಗುಲ ಗಾಲಿ ಹೆಚ್ಚು ದೂರ, ಒಳಮಗ್ಗುಲದ್ದು ಕಡಿಮೆ ದೂರ ಸಾಗಬೇಕು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಜಾರಲೇಬೇಕು. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಓಡಿಸುವುದನ್ನು ಇಂಜಿನ್ ತನ್ನೊಡನೆ ತರುತ್ತದೆ. ನಿಲ್ಲಿಸುವುದನ್ನು ಮಾಡಿದವನೇ ಯೋಚಿಸಬೇಕು.

ಇಲ್ಲಿಂದ ಮುಂದೆ ಪ್ರಶ್ನೆ ಕಬ್ಬಿಣದ್ದಲ್ಲ, ಧರ್ಮದ್ದು. ಮಾಡಿದ್ದುಣ್ಣೋ ಮಹಾರಾಯ ಎಂಬುದು ನಮ್ಮ ಗಾದೆ. ರಸ್ತೆಯ ಮೇಲೆ ಮಾತ್ರ ಈ ಗಾದೆ ಸುಳ್ಳಾಗುತ್ತದೆ. ಅಲ್ಲಿ ಒಬ್ಬ ಮಾಡಿದ್ದನ್ನು ಇನ್ನೊಬ್ಬ ಉಣ್ಣಬಹುದು. ತರಕಾರಿ ಚೀಲ ಹಿಡಿದು ರಸ್ತೆ ದಾಟುವ ಮುದುಕಿ ಈ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಅಣ್ಣನ ತೊಡೆಯ ಮೇಲೆ ಕುಳಿತು ಕೇಕೆ ಹಾಕುವ ಪುಟ್ಟ ತಮ್ಮನೂ ಕೊಟ್ಟಿಲ್ಲ; ಅಪಾಯವನ್ನು ಅರಿಯದವನ ಸಂತೋಷ ಒಪ್ಪಿಗೆಯಾಗದು. ತನ್ನ ಪ್ರಾಣವನ್ನು ಪಣಕ್ಕಿಡುವುದು ಸಾಹಸವಾಗಬಹುದು. ಪರರ ಪ್ರಾಣವನ್ನು ಕೇಳದೆ ಪಣಕ್ಕಿಡುವುದಕ್ಕೆ ಬೇರೆ ಹೆಸರಿದೆ.

ಕಾನೂನು ನಿಂತಿರುವುದೂ ಈ ದಾರಿಹೋಕರ ಪರವಾಗಿಯೇ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣ ವಾಹನವನ್ನು ಮನಬಂದಂತೆ ಮಾರ್ಪಡಿಸಲು ಬಿಡುವುದಿಲ್ಲ. ಉತ್ತರ ಭಾರತದ ‘ಜುಗಾಡ್’ ಗಾಡಿಗಳೂ ಈ ಕಾನೂನಿಗೆ ಒಳಪಟ್ಟ ಮೋಟಾರು ವಾಹನಗಳೇ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ತಯಾರಕರು ನಿಗದಿಪಡಿಸಿದ ರೂಪಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು 2019ರಲ್ಲಿ ತೀರ್ಮಾನಿಸಿತು. ಜುಗಾಡನ್ನು ನಂಬಿ ಹೊಟ್ಟೆ ಹೊರೆಯುವ ಬಡವನಿಗೆ ಇದು ಕಠಿಣವೆನಿಸುವುದು ಸಹಜ. ಆದರೆ ಆ ಗಾಡಿಯಲ್ಲಿ ತುಂಬಿ ಕುಳಿತು ಹೋಗುವವರೂ ಬಡವರೇ ಎಂಬುದನ್ನು ಮರೆಯಲಾಗದು.

ಹಾಗಾದರೆ ಹುಡುಗನ ಗಾಡಿಯನ್ನು ಒಡೆದು ಹಾಕೋಣವೆ? ಅದು ಸುಲಭದ ಉತ್ತರ, ಸುಲಭವಾದ್ದರಿಂದಲೇ ಸಂದೇಹಾಸ್ಪದ. ಬೀದಿ ಬೇಡವೆನ್ನುವ ಹಿರಿಯರು ಬಯಲು ತೋರಿಸಬೇಕು. ಬೇಲಿ ಹಾಕಿದ ಒಂದು ಮೈದಾನ, ಬೆಸುಗೆಯನ್ನು ಬಡಿದು ನೋಡಬಲ್ಲ ಒಬ್ಬ ಮೇಸ್ತ್ರಿ, ತಲೆಗೊಂದು ಹೆಲ್ಮೆಟ್ಟು, ಮೊದಲು ಬ್ರೇಕು ಆಮೇಲೆ ಇಂಜಿನ್ ಎಂಬ ನಿಯಮ: ಇವಿಷ್ಟನ್ನು ಒದಗಿಸಲಾರದ ಊರು ಆ ಹುಡುಗನನ್ನು ಗದರಿಸಿದರೆ ತನ್ನ ಕರ್ತವ್ಯದ ಅರ್ಧವನ್ನು ಮಾತ್ರ ಮಾಡಿದಂತೆ. ಇವನ್ನೆಲ್ಲ ಒದಗಿಸಿದ ಮೇಲೂ ಅವನು ಬೀದಿಗೇ ಇಳಿದರೆ, ಆಗ ತಪ್ಪು ಪೂರ್ತಿ ಅವನದು.

ಹೊಸತನ್ನು ಮಾಡಬಲ್ಲವನು ದೊಡ್ಡವನೆಂಬುದರಲ್ಲಿ ಸಂಶಯವಿಲ್ಲ. ಮಾಡಿದ್ದನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲವನು ಇನ್ನೂ ದೊಡ್ಡವನು. ಈ ಎರಡನೆಯ ವಿದ್ಯೆ ಯಾವ ಗುಜರಿಯಲ್ಲಿಯೂ ಸಿಕ್ಕುವುದಿಲ್ಲ. ಅದನ್ನು ಹಿರಿಯರೇ ಕಿರಿಯರ ಪಕ್ಕದಲ್ಲಿ ಕುಳಿತು, ಕೈಗೆ ಮಸಿ ಹತ್ತಿಸಿಕೊಂಡು, ಕಲಿಸಬೇಕಾಗುತ್ತದೆ.