ಟಿಕೆಟ್ಟಿನಲ್ಲಿ ಕೊಂಡದ್ದೇನು?



ಇಂದಿನ ಚಿಂತನೆಗೆ ಎರಡನೆಯ ಶೀಲ. ಕೊಡದೇ ಇದ್ದುದನ್ನು ತೆಗೆದುಕೊಳ್ಳದಿರುವುದು. ಕಳ್ಳತನ ಮಾಡಬಾರದು, ಅಷ್ಟೇ ತಾನೆ ಎಂದು ನಾವು ಮುಂದಿನ ಶೀಲಕ್ಕೆ ಹೋಗಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಔರಾದದ ಮಕ್ಕಳನ್ನು ಪ್ರವಾಸಕ್ಕೆಂದು ಉಡುಪಿಗೆ ಕರೆದೊಯ್ದಿದ್ದೆ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದೆವು. ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ ಅಲ್ಲಿ ಕಂಬಗಳಾಗಿ ನಿಂತಿದೆ. ನಮ್ಮ ಭಾಲ್ಕಿ, ಔರಾದದ ಕರಿ ಮಣ್ಣೂ ಲಾವಾದ್ದೇ, ಆದರೆ ಇದರ ತಮ್ಮ ಎಂದರೆ ಹುಡುಗರು ನಂಬಲಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಳಿದು ಹೆಸರಿಟ್ಟ ಎಂಬ ಪ್ರತೀತಿಯೂ ಇದೆ. ಮನೆಯೊಂದೂ ಇಲ್ಲದ ಈ ಜಾಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಯಿತು, ಪ್ರವಾಸಿ ದೋಣಿಗಳು ಬಂದವು, 2016ರಲ್ಲಿ ಎದುರಿನ ಮಲ್ಪೆ ಬೀಚಿಗೆ ವೈಫೈ ಕೂಡ ಬಂತು. ಮಳೆಗಾಲ ಬಿಟ್ಟರೆ ಈಗ ಜನವೋ ಜನ.

ಒಬ್ಬ ಹುಡುಗ ಖಾಲಿ ಬಾಟಲಿಯನ್ನು ಕಲ್ಲಿನ ಸಂದಿಗೆ ತೂರಿದ. ಗದರಿದೆ.

"ಎತ್ತೋರು ಅದಾರಲ್ರಿ ಸರ್, ಟಿಕೆಟ್ ತಗೊಂಡೀವಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಆ ಬೆಳಿಗ್ಗೆ ಲಾಡ್ಜಿನ ಕೋಣೆಯಲ್ಲಿ ಇಡ್ಲಿ ಪೊಟ್ಟಣ ನೆಲದ ಮೇಲೇ ಬಿಟ್ಟು ಬಾಗಿಲೆಳೆದುಕೊಂಡು ಬಂದವನು ನಾನೇ. ಎತ್ತೋರು ಅಂದರೆ ಯಾರು? ಈ ದೇಶದಲ್ಲಿ ಆ ಶಬ್ದಕ್ಕೆ ಜಾತಿ ಇದೆ. ಬೀದರಿನಲ್ಲಿ ನಸುಕಿಗೇ ಪೊರಕೆ ಹಿಡಿದು ಹೊರಡುವವರು ನಮ್ಮ ಓಣಿಯ ಅವ್ವಂದಿರು.

ಪ್ರವಾಸವೇ ಬೇಡ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. 1934ರಲ್ಲಿ ಬಾಬಾಸಾಹೇಬರು ಸಂಗಡಿಗರೊಂದಿಗೆ ದೌಲತಾಬಾದ್ ಕೋಟೆ ನೋಡಲು ಹೋದರು. ಅದೂ ಆಗ ನಮ್ಮ ಬೀದರಿನಂತೆ ನಿಜಾಮರ ಸೀಮೆ. ಹೊರಗಿನ ಕೊಳದಲ್ಲಿ ಕೈಕಾಲು ತೊಳೆದದ್ದಕ್ಕೆ ಜನ ಮೈಮೇಲೆ ಬಂದರು. ಒಳಗೆಲ್ಲೂ ಇವರು ನೀರು ಮುಟ್ಟದಂತೆ ಕಾಯಲು ಸಶಸ್ತ್ರ ಸಿಪಾಯಿಯನ್ನು ಬೆನ್ನಿಗೆ ಹಚ್ಚಿದರು. ಆ ಹೊತ್ತು ಅವರಿಗೆ ದಕ್ಕದ ನೋಟ ನಮ್ಮ ಮಕ್ಕಳಿಗೆ ದಕ್ಕಬೇಕು.

ಆದರೆ ಟಿಕೆಟ್ಟಿಗೆ ದೋಣಿಯವರು ಕೊಟ್ಟದ್ದು ಹೋಗಿ ಬರುವ ದಾರಿ. ಒಬ್ಬ ಹೆಂಗಸಿನ ಬಾಗಿದ ಬೆನ್ನನ್ನು ಯಾರೂ ನಮಗೆ ಮಾರಿಲ್ಲ. ಎಲೆ ಉದುರುತ್ತದೆ, ಧೂಳು ಬರುತ್ತದೆ, ಆ ಕೆಲಸಕ್ಕೆ ಕೂಲಿ ಇದೆ. ನನ್ನ ಸೋಮಾರಿತನದಿಂದ ಹುಟ್ಟಿದ ಕೆಲಸವನ್ನು ಅವಳು ಒಪ್ಪಿ ಕೊಟ್ಟಳೇ, ಇಲ್ಲ ಬೇರೆ ದಾರಿಯಿಲ್ಲದೆ ಕೊಟ್ಟಳೇ?

ಇದನ್ನು ವಿಹಾರದಲ್ಲಿ ಹೇಳಿದಾಗ ಹಿರಿಯರೊಬ್ಬರು, "ಮಾಸ್ತರರೇ, ಕಸಾನೇ ಇಲ್ಲಂದ್ರ ಆಕಿ ಹೊಟ್ಟಿಗೇನ್ರಿ?" ಎಂದರು. ತಳ್ಳಿಹಾಕುವ ಮಾತಲ್ಲ. ಆದರೂ ಸತ್ತ ದನ ಎತ್ತುವುದನ್ನು ಬಿಡಿ ಎಂದು ಬಾಬಾಸಾಹೇಬರು ಹೇಳಿದಾಗಲೂ ಗಳಿಕೆ ಹೋಗುತ್ತದೆ ಎಂಬ ಇದೇ ಆಕ್ಷೇಪ ಎದ್ದಿತ್ತು. ನಮ್ಮ ಜನ ಬಿಟ್ಟರು.

ಅಂದಹಾಗೆ, ಬಾಟಲಿ ಸಂದಿಯಲ್ಲಿ ಆಳಕ್ಕಿಳಿದಿತ್ತು. ನಾನೂ ಆ ಹುಡುಗನೂ ಮಂಡಿಯೂರಿ ಕೋಲಿನಿಂದ ಕೆದಕಿ ತೆಗೆಯುವಷ್ಟರಲ್ಲಿ ನಮ್ಮ ದೋಣಿ ಹೊರಟುಹೋಗಿತ್ತು. ಮುಂದಿನದರಲ್ಲಿ ಬಂದೆವು.

ಜೈ ಭೀಮ್.