ಉಸಿರಿಗೆ ಹಟವಿದೆಯೇ?

ಶಿಕಾರಿಪುರ, ಸೊರಬದ ಕಡೆ ಮಗು ಹೇಳಿದಂತೆ ಕೇಳದಿದ್ದರೆ 'ಹಟ ಮಾಡ್ತದೆ' ಎನ್ನುತ್ತೇವೆ. ಸಣ್ಣ ಮಾತು, ಆದರೆ ಅದರೊಳಗೆ ಒಂದು ತೀರ್ಪಿದೆ: ಮಗು ಬೇರೆ ರೀತಿ ಇರಬಹುದಿತ್ತು, ಬೇಕೆಂದೇ ಹೀಗಿದೆ ಎಂದು. ಈ ತೀರ್ಪಿಗೆ ಆಧಾರವೇನು?

ನನ್ನಲ್ಲಿ ಈ ಪ್ರಶ್ನೆ ಹುಟ್ಟಿದ್ದು ಸೊರಬದ ಕಡೆಯ ನಮ್ಮ ಬಂಧುಗಳ ಮನೆಯ ಹುಡುಗಿಯೊಬ್ಬಳಿಂದ. ಅವಳಿಗಿರುವುದು ರೆಟ್ ಸಿಂಡ್ರೋಮ್. ವಿಯೆನ್ನಾದ ವೈದ್ಯ ಆಂಡ್ರಿಯಾಸ್ ರೆಟ್ 1966ರಲ್ಲಿ ಮೊದಲು ವಿವರಿಸಿದ ಈ ಸ್ಥಿತಿ ಸುಮಾರು 10,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಬರುತ್ತದೆ. ಗಂಡುಮಕ್ಕಳಲ್ಲಿ ತೀರಾ ಅಪರೂಪ. ಮೊದಲ 6ರಿಂದ 18 ತಿಂಗಳು ಎಲ್ಲರಂತೆ ಬೆಳೆದ ಮಗು, ಕಲಿತ ಮಾತನ್ನೂ ಕೈಯ ಹಿಡಿತವನ್ನೂ ಕಳೆದುಕೊಳ್ಳುತ್ತದೆ. 1999ರಲ್ಲಿ ಹುದಾ ಝೋಗ್ಬಿಯವರ ತಂಡ ಕಾರಣ ಕಂಡುಹಿಡಿಯಿತು: ಎಕ್ಸ್ ಕ್ರೋಮೋಸೋಮಿನ ಒಂದು ಜೀನಿನಲ್ಲಿ, ಹೆಚ್ಚಾಗಿ ಹೊಸದಾಗಿಯೇ ಆಗುವ ಬದಲಾವಣೆ. ತಾಯಿಯ ಬಾಣಂತನವನ್ನೋ ತವರನ್ನೋ ದೂರಲು ಇಲ್ಲಿ ಜಾಗವಿಲ್ಲ.

ಹೆಚ್ಚು ಗೊಂದಲ ಹುಟ್ಟಿಸುವುದು ಉಸಿರು. ಉಸಿರು, ಎದೆಬಡಿತ, ಜೀರ್ಣಕ್ರಿಯೆ, ಕೈಕಾಲಿನ ಬಿಸಿ, ಇವನ್ನೆಲ್ಲ ನಮ್ಮನ್ನು ಕೇಳದೆ ನಡೆಸುವ ಸ್ವಾಯತ್ತ ನರವ್ಯೂಹ ಈ ಮಕ್ಕಳಲ್ಲಿ ಹದ ತಪ್ಪಿರುತ್ತದೆ. ಬೇಸಿಗೆಯಲ್ಲೂ ಅವಳ ಪಾದ ತಣ್ಣಗಿರುತ್ತದೆ. ಒಮ್ಮೆ ಏದುಸಿರು ಬಿಡುತ್ತಾಳೆ, ಮತ್ತೊಮ್ಮೆ ಉಸಿರು ಕಟ್ಟಿಕೊಂಡುಬಿಡುತ್ತಾಳೆ. ನಿದ್ದೆ ಬಂತೆಂದರೆ ಉಸಿರಾಟ ಬಹುಮಟ್ಟಿಗೆ ಸರಿಹೋಗುತ್ತದೆ.

'ಮಲಗಿದಾಗ ಸರಿ ಇರ್ತದಲ್ಲ, ಹಂಗಾದ್ರೆ ಎದ್ದಾಗ ಬೇಕಂತ್ಲೇ ಮಾಡೋದು' ಎಂದರು ಮನೆಗೆ ಬಂದ ಹಿರಿಯರೊಬ್ಬರು.

'ದೊಡ್ಡಪ್ಪ, ನೀವೊಂದ್ಸಲ ಬೇಕಂತ ಪಾದ ತಣ್ಣಗೆ ಮಾಡ್ಕೊಳ್ಳಿ ನೋಡಾಣ' ಎಂದಳು ಹುಡುಗಿಯ ತಾಯಿ.

ಹಿರಿಯರ ತರ್ಕ ದಡ್ಡತನದ್ದಲ್ಲ. ಎಚ್ಚರದಲ್ಲಿ ನಡೆಯುವುದೆಲ್ಲ ಇಚ್ಛೆಯಿಂದಲೇ ನಡೆಯುತ್ತದೆ ಎಂದು ನಂಬುವುದು ಸುಲಭ. ಆದರೆ ಸಭೆಯಲ್ಲಿ ಮಾತಾಡಲು ನಿಂತವರ ಎದೆ ಹೊಡೆದುಕೊಳ್ಳುವುದೂ ಎಚ್ಚರದಲ್ಲೇ. ಅದನ್ನು ಯಾರೂ ಹಟ ಎನ್ನುವುದಿಲ್ಲ. ಉಸಿರನ್ನಾದರೆ ನಾವು ಸ್ವಲ್ಪ ಹೊತ್ತು ಬೇಕೆಂದೇ ಹಿಡಿಯಬಲ್ಲೆವು. ನಮಗೆ ಸಾಧ್ಯವಾದದ್ದು ಅವಳಿಗೂ ಸಾಧ್ಯ ಎಂಬ ಊಹೆ ಅಲ್ಲಿಂದ ಬರುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನ ಊಹೆಯೂ ಇದೆ: ಮಾತಿಲ್ಲ, ಕೈ ಮಾಡಿ ತೋರಿಸುವುದಿಲ್ಲ, ಆದ್ದರಿಂದ ಒಳಗೆ ಏನೂ ಇಲ್ಲ ಎನ್ನುವುದು. ಈ ಮಕ್ಕಳಲ್ಲಿ ಅನೇಕರು ಕಣ್ಣಿನಿಂದ ಆರಿಸುತ್ತಾರೆ. ಎದುರಿಗೆ ಎರಡು ಲೋಟ ಹಿಡಿದರೆ ಬೇಕಾದದ್ದರ ಮೇಲೆ ನೋಟ ನಿಲ್ಲುತ್ತದೆ. ಅದಕ್ಕೆ ಹೊತ್ತು ಹಿಡಿಯುತ್ತದೆ, ಎದುರಿಗಿದ್ದವರು ಕಾಯಬೇಕು. ಇಚ್ಛೆ ಇಲ್ಲದ ಉಸಿರಿನಲ್ಲಿ ಹಟ ಕಾಣುವವರಿಗೆ, ಇಚ್ಛೆ ತುಂಬಿದ ಕಣ್ಣು ಕಾಣದೆ ಹೋಗುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮನ ಊರು. ಮಾತಿಗೆ ಸಿಗದ್ದನ್ನು ಇಲ್ಲವೆನ್ನಬಾರದು ಎಂಬ ಎಚ್ಚರ ಈ ನೆಲಕ್ಕೆ ಹೊಸದೇನಲ್ಲ.

ಹಾಗೆಂದು ಅವಳು ಮಾಡುವುದನ್ನೆಲ್ಲ ಕಾಯಿಲೆಯ ಲೆಕ್ಕಕ್ಕೆ ಹಾಕುವುದೂ ಅನ್ಯಾಯವೇ. ಬೇರೆ ಮಕ್ಕಳಂತೆ ಅವಳಿಗೂ ಹಟ ಮಾಡುವ ಹಕ್ಕಿದೆ. ಊಟಕ್ಕೆ ಕೂರಿಸಿದಾಗ ಮುಖ ತಿರುಗಿಸಿದರೆ, ಹೊಟ್ಟೆನೋವೋ ಎಂದು ಮೊದಲು ನೋಡಬೇಕು. ಅದಲ್ಲವಾದರೆ 'ಬೇಡ' ಎಂದು ಅವಳು ಹೇಳಿಯಾಗಿದೆ, ತಟ್ಟೆ ಪಕ್ಕಕ್ಕಿಡಬೇಕು.