ಎಣ್ಣೆ ಹೊತ್ತ ಭಾರ

ಹಳೆಯ ಬುಲೆಟ್ಟಿನ ಎಂಜಿನ್ ಬಿಚ್ಚಿದರೆ, ಕನೆಕ್ಟಿಂಗ್ ರಾಡಿನ ಕೆಳತುದಿಯಲ್ಲಿ, ಕ್ರ್ಯಾಂಕ್ ಪಿನ್ನಿನ ಸುತ್ತ ಬಳೆಯಂಥದೊಂದು ಬುಷ್ ಸಿಗುತ್ತದೆ. ಅದು ರಾಡಿಗೂ ಅಂಟಿದ್ದಲ್ಲ, ಪಿನ್ನಿಗೂ ಅಂಟಿದ್ದಲ್ಲ. ಒಳಮೈಗೊಂದು ಎಣ್ಣೆಯ ಪೊರೆ, ಹೊರಮೈಗೊಂದು ಎಣ್ಣೆಯ ಪೊರೆ, ಎರಡರ ನಡುವೆ ತೇಲುತ್ತ, ಯಾರ ವೇಗಕ್ಕೂ ಸಿಗದೆ, ತನ್ನದೇ ಲಯದಲ್ಲಿ ತಿರುಗುತ್ತಿರುತ್ತದೆ. ಒಂದೊಂದು ಸಿಡಿತದ ಏಟೂ ಬಂದು ಬೀಳುವುದು, ಕೂದಲೆಳೆಗಿಂತ ಎಷ್ಟೋ ತೆಳುವಾದ ಆ ಪೊರೆಯ ಮೇಲೆ. ಸತ್ತೂರಿನ ಪಿ.ಬಿ. ರಸ್ತೆಯ ಬದಿಯಲ್ಲಿ, ತಗಡಿನ ಸೂರಿನ ಮೇಲೆ ಆಷಾಢದ ಜಿಟಿಜಿಟಿ ಮಳೆ ಸುರಿಯುತ್ತಿರುವಾಗ, ಹುಬ್ಬಳ್ಳಿಯಿಂದ ಬರುವ ಚಿಗರಿ ಬಸ್ಸುಗಳು ಒದ್ದೆ ರಸ್ತೆಯನ್ನು ಸೀಳಿಕೊಂಡು ಧಾರವಾಡದತ್ತ ಹಾಯುತ್ತಿರುವಾಗ, ಮಿಸ್ತ್ರಿಯೊಬ್ಬರು ಅಂಥ ಬುಷ್ಷನ್ನು ಒರೆಸಿ ನನ್ನ ಅಂಗೈಯಲ್ಲಿಟ್ಟರು. ವರ್ಷಗಟ್ಟಲೆ ಉರಿ ಉಂಡದ್ದು, ಸವೆದು ಬೆಳ್ಳಗೆ ಮಿನುಗುತ್ತಿತ್ತು. ಅದರ ತಂಪನ್ನು ಬೆರಳಿನಿಂದ ಬೆರಳಿಗೆ ದಾಟಿಸುತ್ತ ಎಷ್ಟು ಹೊತ್ತು ಕೂತಿದ್ದೆನೋ.

ಎಣ್ಣೆಯದು ಜಾರುವ ಸ್ವಭಾವ. ಒತ್ತಿದರೆ ಸರಿಯುತ್ತದೆ, ಹಿಡಿದರೆ ಸೋರುತ್ತದೆ. ಅಂಥದ್ದು ಕಬ್ಬಿಣದ ಭಾರವನ್ನು ಹೊತ್ತು ನಿಲ್ಲುವುದಾದರೂ ಹೇಗೆ? 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತ, ಎಣ್ಣೆ ಬಿಡಲೆಂದು ಅದರ ನೆತ್ತಿಗೊಂದು ತೂತು ಕೊರೆದ. ಅಚ್ಚು ತಿರುಗತೊಡಗಿದ್ದೇ ತಡ, ಕೆಳಗಿಳಿಯಬೇಕಾದ ಎಣ್ಣೆ ಆ ತೂತಿನಿಂದ ಮೇಲಕ್ಕೇರಿ ಬಂತು. ಬೆಂಡು ತುರುಕಿದ, ಎಣ್ಣೆ ಅದನ್ನು ಹೊರದಬ್ಬಿತು. ಮರದ ಬೆಣೆ ಹೊಡೆದ, ಅದನ್ನೂ ದಬ್ಬಿತು. ಮೂರು ವರ್ಷಗಳ ನಂತರ, 1886ರಲ್ಲಿ, ಆಸ್ಬೋರ್ನ್ ರೆನಾಲ್ಡ್ಸ್ ಅದರ ಗಣಿತ ಬರೆದ: ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಇಕ್ಕಟ್ಟಿನ ಕಡೆಗೆ ಎಳೆದೊಯ್ಯುತ್ತದೆ, ಆ ಇಕ್ಕಟ್ಟಿನಲ್ಲಿ ಒತ್ತಡ ಹುಟ್ಟುತ್ತದೆ, ಹುಟ್ಟಿದ ಒತ್ತಡ ಮೇಲಿನ ಭಾರವನ್ನೇ ಎತ್ತಿ ಹಿಡಿಯುತ್ತದೆ. ಹೊರುವ ಬಲ ಎಣ್ಣೆಯೊಳಗೆ ಮೊದಲೇ ಇರಲಿಲ್ಲ, ಲೋಹದಲ್ಲೂ ಇರಲಿಲ್ಲ, ಚಲನೆಯಲ್ಲಿ ಹುಟ್ಟಿತು. ಹುಬ್ಬಳ್ಳಿಗೆ ರೈಲು ಬಂದದ್ದೂ ಅದೇ ದಶಕದಲ್ಲಿ. ಅಂದು ಇಲ್ಲಿ ಹಾದ ಗಾಡಿಗಳೂ ಹೀಗೆಯೇ, ಯಾರ ಕಣ್ಣಿಗೂ ಬೀಳದೆ, ತಮ್ಮ ಅಚ್ಚುಗಳ ಎಣ್ಣೆಯ ಮೇಲೆ ತೇಲುತ್ತಿದ್ದವು ಎಂದು ನೆನೆದಾಗ ಮೈ ಜುಮ್ಮೆನ್ನುತ್ತದೆ.

ಮತ್ತೆ ಬುಲೆಟ್ಟಿಗೆ ಬಂದರೆ, ಅದರಲ್ಲಿ ಎಣ್ಣೆ ಹೋಗಿ ಮರಳಿ ಬರುತ್ತದೆ. ಒಂದು ಪಂಪು ಕಳಿಸುತ್ತದೆ, ಇನ್ನೊಂದು ಕರೆದು ತರುತ್ತದೆ. ಜಾವಾದಲ್ಲಿ ಹಾಗಲ್ಲ. 1960ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಆ ಗಾಡಿಗಳಿಗೆ, ಆಮೇಲೆ ಬಂದ ಯೆಜ್ಡಿಗಳಿಗೆ, ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಕುಡಿಸಬೇಕು, ಲೀಟರಿಗೆ ಮೂವತ್ತು ನಲವತ್ತು ಮಿಲಿಲೀಟರ್. ಬಂಕಿನಲ್ಲಿ ಎಣ್ಣೆ ಸುರಿದು, ಗಾಡಿಯನ್ನು ಎಡಕ್ಕೂ ಬಲಕ್ಕೂ ತೂಗಿ ಬೆರೆಸುವ ಹಿರಿಯರನ್ನು ಈಗಲೂ ಕಾಣಬಹುದು. ಬೆರೆತದ್ದು ಬಿಸಿ ಕ್ರ್ಯಾಂಕ್‌ಕೇಸಿಗೆ ಇಳಿದಾಗ ಪೆಟ್ರೋಲು ಆವಿಯಾಗಿ ಹಗುರಾಗುತ್ತದೆ; ಎಣ್ಣೆ ಮಾತ್ರ ಸಣ್ಣ ಸಣ್ಣ ಹನಿಗಳಾಗಿ, ಮಂಜಾಗಿ, ಬೇರಿಂಗುಗಳ ಮೇಲೆ, ಪಿಸ್ಟನ್ನಿನ ಮೈಮೇಲೆ ಕ್ಷಣಕಾಲ ತಂಗಿ, ಮುಂದಿನ ಹನಿಗೆ ಜಾಗ ಬಿಟ್ಟು, ಮೇಲೇರಿ ಉರಿದು, ಎರಡು ಸೈಲೆನ್ಸರುಗಳಿಂದ ನೀಲಿ ಹೊಗೆಯಾಗಿ ಹೊರಟುಹೋಗುತ್ತದೆ. ಮತ್ತೆ ಬಾರದ ಆ ಒಂದೇ ಹಾದಿಯಲ್ಲಿ ಅದು ಒಂದು ಎಂಜಿನ್ನಿನ ಆಯುಷ್ಯವನ್ನೇ ಕಾಪಾಡಿರುತ್ತದೆ. ಗಾಳಿಗೆ ಆ ಹೊಗೆ ಒಳ್ಳೆಯದಲ್ಲ ಎಂಬುದು ನನಗೆ ಗೊತ್ತು. ಆದರೂ ಸತ್ತೂರಿನ ಆಸ್ಪತ್ರೆಯ ತಿರುವಿನಲ್ಲಿ ಆ ಸಿಹಿಘಾಟು ತೇಲಿ ಬಂದರೆ ಕಾಲು ತಾನಾಗಿ ನಿಲ್ಲುತ್ತದೆ.

ಎಂಜಿನ್ ನಿಂತ ಮೇಲೆ ಏನಾಗುತ್ತದೆ ಎಂಬುದು ನನ್ನನ್ನು ಇನ್ನೂ ಹೆಚ್ಚು ಕಾಡುತ್ತದೆ. ಚಲನೆ ಹೋದಂತೆ ಒತ್ತಡವೂ ಹೋಗುತ್ತದೆ. ತೇಲುತ್ತಿದ್ದದ್ದು ಮೆಲ್ಲಗೆ ಕೆಳಗೆ ಕೂರುತ್ತದೆ. ಆಗಲೂ ಪೂರ್ತಿ ಬರಿಮೈಯಲ್ಲ. ಎಣ್ಣೆಯ ಕೆಲವು ಅಣುಗಳು ಒಂದು ತುದಿಯಿಂದ ಲೋಹವನ್ನು ಬಿಗಿಹಿಡಿದು, ಇನ್ನೊಂದು ತುದಿಯನ್ನು ಹೊರಕ್ಕೆ ಚಾಚಿ, ಒತ್ತೊತ್ತಾಗಿ ನಿಂತುಬಿಟ್ಟಿರುತ್ತವೆ. ಹೀಗೆ ಕಚ್ಚಿಹಿಡಿಯುವುದರಲ್ಲಿ ಔಡಲೆಣ್ಣೆಗೆ ಎತ್ತಿದ ಕೈ. ಚಾರ್ಲ್ಸ್ ವೇಕ್‌ಫೀಲ್ಡನ ಕಂಪನಿ 1909ರಲ್ಲಿ ಮೋಟಾರುಗಳಿಗೆಂದು ಹೊರತಂದ ಕ್ಯಾಸ್ಟ್ರಾಲ್ ಎಣ್ಣೆಯಲ್ಲಿ ಇದ್ದದ್ದು ಅದೇ ಔಡಲ. ನಮ್ಮ ಎರೆಹೊಲದ ಬದುವಿನಲ್ಲಿ ಕೆಂಪು ದಂಟಿನ, ಅಗಲ ಎಲೆಯ, ಮುಳ್ಳುಕಾಯಿಯ ಆ ಗಿಡ ಯಾರೂ ಕೇಳದೆ ನಿಂತಿರುತ್ತದೆ. ಚಕ್ಕಡಿಯ ಗಾಲಿಗೆ ಕೀಲೆಣ್ಣಿ ಹಾಕುತ್ತಿದ್ದ ಅಜ್ಜಂದಿರ ಕೈಗೆ ಅದರ ಅಂಟು ಚೆನ್ನಾಗಿ ಗೊತ್ತಿತ್ತು.

ತಿಂಗಳುಗಟ್ಟಲೆ ನಿಂತ ಬುಲೆಟ್ಟನ್ನು ಸತ್ತೂರಿನ ಆ ಮಿಸ್ತ್ರಿ ಒಮ್ಮೆಲೇ ಚಾಲೂ ಮಾಡುವುದಿಲ್ಲ. ಸ್ವಿಚ್ ಹಾಕದೆ ನಿಧಾನಕ್ಕೆ ಕಿಕ್ ತುಳಿಯುತ್ತಾರೆ. ಕೊನೆಗೊಮ್ಮೆ ಶುರುವಾದ ಮೇಲೂ, ಎಂಜಿನ್ನಿನ ತಲೆಯಲ್ಲಿರುವ ರಾಕರಿಗೆ ಹೋಗುವ ಸಣ್ಣ ಪೈಪಿನ ಬೋಲ್ಟನ್ನು ಒಂದಿಷ್ಟೇ ಸಡಿಲಿಸಿ ಕಾಯುತ್ತಾರೆ. ಅಲ್ಲಿ ಜೇನುಬಣ್ಣದ ಹನಿಯೊಂದು ಜಿನುಗಿದಾಗ, "ಬಂತ್ ನೋಡ್ರಿ" ಎನ್ನುವ ಅವರ ದನಿಯಲ್ಲಿ ಇಷ್ಟು ವರ್ಷಗಳಾದರೂ ಹಿಗ್ಗು ಆರಿಲ್ಲ.

ಹೊಸ ಬಡಾವಣೆಗಳ ಮನೆಗಳ ಮುಂದೆ ಮುಸುಕು ಹೊದ್ದು ನಿಂತ ಹಳೆಯ ಗಾಡಿ ಕಂಡರೆ, ಒಳಗಿನ ಪಿನ್ನಿನ ಮೇಲೆ ಆ ಕೊನೆಯ ಪದರ ಇನ್ನೂ ಉಳಿದಿದೆಯೋ ಇಲ್ಲವೋ ಎಂದು ಜೀವ ಚಡಪಡಿಸುತ್ತದೆ. ಒಂದೆರಡು ಸಲ ಕಿಕ್ ತುಳಿದು ನೋಡಲೇ ಎಂದು ಬಾಗಿಲು ತಟ್ಟಿ ಕೇಳಿಯೂ ಇದ್ದೇನೆ; ಈವರೆಗೆ ಯಾರೂ ಬೇಡವೆಂದಿಲ್ಲ.